ಚಪ್ಪಲಿ ಅಂಗಡಿಯವನ ರಾಕೆಟ್ಟು ಗಾಂಧಿ ಬಜಾರಿಗೆ ಬಂತು!

ಮೊನ್ನೆ ಸಂಜೆ ಗಾಂಧಿ ಬಜಾರಿನ ಗೆಳೆಯರೊಬ್ಬರ ಹಾರ್ಡ್‌ವೇರ್ ಅಂಗಡಿಗೆ ಅರ್ಧ ಕೆ.ಜಿ. ಮೊಳೆ ಕೊಳ್ಳಲು ಹೋಗಿದ್ದೆವು. ನೋಡಿದರೆ ಗಲ್ಲಾಪೆಟ್ಟಿಗೆಯ ಮೇಲೆ ಒಂದು ರಾಕೆಟ್ಟು! ದೀಪಾವಳಿಯ ಕಡ್ಡಿ ರಾಕೆಟ್ಟಲ್ಲ ಸ್ವಾಮಿ. ಒಂದಡಿ ಉದ್ದದ ರಟ್ಟಿನ ಕೊಳವೆ, ಮೇಲೆ ಚೂಪು ಮೂತಿ, ಬುಡದಲ್ಲಿ ಮೂರು ರೆಕ್ಕೆ, ಮೈಗೆಲ್ಲ ಕೆಂಪು ಬಣ್ಣ.

“ಏನಿದು, ಇಸ್ರೋ ಏಜೆನ್ಸಿ ಹಿಡಿದ್ರಾ?” ಎಂದೆವು.

“ಮೊಮ್ಮಗಂದು ಮಾರಾಯ್ರೇ. ಅವನ ಸೋದರಮಾವ ಅಮೆರಿಕದಿಂದ ತಂದದ್ದು. ವ್ಯಾಪಾರಕ್ಕಿಂತ ಇದರ ತಲೆನೋವೇ ಜಾಸ್ತಿ” ಎಂದರು.

ಈ ಆಟಿಕೆಯನ್ನು ಮೊದಲು ಮಾಡಿದವನು ದೊಡ್ಡ ವಿಜ್ಞಾನಿಯೇನಲ್ಲ, ನಮ್ಮ ಪೇಟೆಯವರ ಪೈಕಿಯೇ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಲ್ಲಿ ಬೂಟು ಚಪ್ಪಲಿ ಮಾರುತ್ತಿದ್ದ ಆರ್ವಿಲ್ ಕಾರ್ಲೈಲ್. ಅವನಿಗೆ ಬಾಣಬಿರುಸಿನ ಹುಚ್ಚು, ಅಣ್ಣತಮ್ಮ ರಾಬರ್ಟನಿಗೆ ಆಟದ ವಿಮಾನದ ಹುಚ್ಚು. ಎರಡು ಹುಚ್ಚೂ ಸೇರಿ 1954ರಲ್ಲಿ ರಟ್ಟಿನ ರಾಕೆಟ್ಟು ಹುಟ್ಟಿತು. ಆ ಕಾಲಕ್ಕೆ ಅಲ್ಲಿನ ಹುಡುಗರು ಲೋಹದ ಪೈಪಿಗೆ ತಾವೇ ಮದ್ದು ಜಡಿದು ಕೈ, ಕಣ್ಣು ಕಳೆದುಕೊಳ್ಳುತ್ತಿದ್ದರು. ವೈಟ್ ಸ್ಯಾಂಡ್ಸ್ ರಾಕೆಟ್ ಕೇಂದ್ರದಲ್ಲಿದ್ದ ಹ್ಯಾರಿ ಸ್ಟೈನ್ ಎಂಬಾತ 1957ರಲ್ಲಿ ಇದರ ಅಪಾಯದ ಬಗ್ಗೆ ಬರೆದ. ಅದನ್ನು ಓದಿದ ಚಪ್ಪಲಿ ಅಂಗಡಿಯವನು ತನ್ನ ರಾಕೆಟ್ಟಿನ ಮಾದರಿ ಅವನಿಗೆ ಕಳಿಸಿಕೊಟ್ಟ. ಮರುವರ್ಷವೇ ವರ್ನ್ ಎಸ್ಟಿಸ್ ಎಂಬಾತ ಐದೂವರೆ ಸೆಕೆಂಡಿಗೊಂದು ಎಂಜಿನ್ ಒತ್ತುವ ಯಂತ್ರ ಕಟ್ಟಿದ, ಅದಕ್ಕೆ ‘ಮೇಬಲ್’ ಅಂತ ಹೆಸರನ್ನೂ ಇಟ್ಟ! ಅಲ್ಲಿಗೆ ಮದ್ದಿನ ಕೆಲಸ ಕಾರ್ಖಾನೆಗೆ ಹೋಯಿತು. ರಟ್ಟು, ಅಂಟು, ಬಣ್ಣ ಮಾತ್ರ ಹುಡುಗರ ಪಾಲಿಗೆ ಉಳಿಯಿತು.

ನಮ್ಮ ಹುಡುಗನೂ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಿಟ್ಟಿನಲ್ಲಿ ಬಂದ ಹಗುರ ಬಾಲ್ಸಾ ಮರದ ರೆಕ್ಕೆ ಅವನಿಗೆ ‘ಶೋಕಿ’ ಅನ್ನಿಸಲಿಲ್ಲವಂತೆ. ಅಜ್ಜನ ಅಂಗಡಿಯ ಪ್ಲೈವುಡ್ ತುಂಡು ಕೊಯ್ದು ಹದ್ದಿನ ರೆಕ್ಕೆ ಮಾಡಿದ್ದಾನೆ. ಮೇಲೆ ಮೂರು ಕೋಟು ಆಯಿಲ್ ಪೇಂಟು.

“ಚೆನ್ನಾಗಿದೆ, ಆದ್ರೆ ನೆಟ್ಟಗೆ ಹಾರುತ್ತೇನಪ್ಪಾ?” ಎಂದೆವು.

“ಅದಕ್ಕೊಂದು ಟೆಸ್ಟ್ ಇದೆ ಸಾರ್” ಎಂದ. ಎಂಜಿನ್ನು ಸುಮಾರು 20 ಗ್ರಾಂ ತೂಗುತ್ತದಂತೆ. ಅಜ್ಜ ನಮಗೆ ಕಟ್ಟಿಟ್ಟಿದ್ದ ಪೊಟ್ಟಣದಿಂದಲೇ ಅಷ್ಟು ಮೊಳೆ ತೆಗೆದು ತೂಗಿ, ಕಾಗದದಲ್ಲಿ ಸುತ್ತಿ ರಾಕೆಟ್ಟಿನ ಬುಡಕ್ಕೆ ತುರುಕಿದ. ತೂಕ ಸಮವಾಗಿ ನಿಲ್ಲುವ ಜಾಗ ಹುಡುಕಿ ದಾರ ಕಟ್ಟಿದ. ಬೀದಿಗಿಳಿದು ತಲೆಯ ಸುತ್ತ ಗಿರಗಿರ ತಿರುಗಿಸಿದ. ಮೂತಿ ಮುಂದಾಗಿ ಓಡಬೇಕಾದ ರಾಕೆಟ್ಟು ಬಾಲ ಮುಂದಾಗಿ ಓಡಿತು! ಆಟೋದವರು ಹೋ ಅಂತ ನಕ್ಕರು.

ವಿಷಯ ಇಷ್ಟೇ. ತೂಕದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡ ಕೂಡುವ ಜಾಗ ಹಿಂದಿರಬೇಕು. ನಡುವೆ ಕೊಳವೆಯ ದಪ್ಪದಷ್ಟಾದರೂ ಅಂತರ ಬೇಕು. ಪ್ಲೈವುಡ್ಡು, ಪೇಂಟು ಸೇರಿ ಬುಡ ಭಾರವಾಗಿ ಲೆಕ್ಕ ಕೆಟ್ಟಿತ್ತು. ಹುಡುಗ ಬಿಡಲಿಲ್ಲ. ಮೂತಿಯೊಳಗೆ ಜೇಡಿಮಣ್ಣು ಮೆತ್ತಿದ, ದಾರ ಸರಿಸಿ ಕಟ್ಟಿದ, ಮತ್ತೆ ತಿರುಗಿಸಿದ. ಮೂರನೇ ಸಲಕ್ಕೆ ಮೂತಿ ಮುಂದಾಯಿತು. ಈ ಸಲ ಆಟೋದವರೇ ಚಪ್ಪಾಳೆ ತಟ್ಟಿದರು.

ಎಲ್ಲ ಸರಿ, ಎಂಜಿನ್ ಎಲ್ಲಿ? ವಿಮಾನದಲ್ಲಿ ಅದನ್ನು ತರಲು ಬಿಡುವುದಿಲ್ಲ. ಆಗಲೇ ಗುಂಪಿನಲ್ಲಿದ್ದ ಪಡ್ಡೆ ಹುಡುಗನೊಬ್ಬ “ಲಕ್ಷ್ಮಿ ಪಟಾಕಿ ಬಿಚ್ಚಿ ಮದ್ದು ತುಂಬಿದ್ರಾಯ್ತಪ್ಪ” ಎಂದ. ಇಷ್ಟು ಹೊತ್ತು ನಗುತ್ತಿದ್ದ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. ಎಡಗೈ ಎತ್ತಿ ತೋರಿಸಿದರು. ನಡುಬೆರಳು ಅರ್ಧವೇ ಇದೆ. ಇಪ್ಪತ್ತು ವರ್ಷದಿಂದ ಆ ಅಂಗಡಿಗೆ ಹೋಗುತ್ತೇವೆ, ನಾವೂ ಗಮನಿಸಿರಲಿಲ್ಲ.

“ಹನ್ನೆರಡು ವರ್ಷ ನಂಗಾಗ. ಪಟಾಕಿ ಮದ್ದು, ಹಿತ್ತಾಳೆ ಕೊಳವೆ. ನಮ್ಮಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ” ಎಂದರು. ಯಾರೂ ಉಸಿರೆತ್ತಲಿಲ್ಲ.

ಕಾರ್ಖಾನೆಯ ಎಂಜಿನ್ನಿನಲ್ಲಿ ಮದ್ದನ್ನು ಕಲ್ಲಿನಂತೆ ಒತ್ತಿರುತ್ತಾರೆ. ಅದು ಬುಡದಿಂದ ಪದರ ಪದರವಾಗಿ ಉರಿಯುತ್ತದೆ. ಉರಿದು ಮುಗಿದ ಕೆಲವೇ ಸೆಕೆಂಡಿಗೆ ಸಣ್ಣದೊಂದು ಸಿಡಿತ ಮೂತಿಯನ್ನು ನೂಕಿ ಪ್ಯಾರಾಚೂಟ್ ಬಿಚ್ಚುತ್ತದೆ. ಹೊತ್ತಿಸುವುದೂ ದೂರದಿಂದ, ಬ್ಯಾಟರಿಯಲ್ಲಿ. ಪಟಾಕಿಯ ಸಡಿಲ ಮದ್ದು ಹಾಗಲ್ಲ, ಒಂದೇ ಏಟಿಗೆ ಉರಿದು ಕೊಳವೆಯನ್ನೇ ಸಿಗಿಯುತ್ತದೆ. ಮೇಲಾಗಿ 1884ರ ಸ್ಫೋಟಕ ಕಾಯಿದೆ ಇದೆ. ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸಿದರೆ ಪೊಲೀಸರು ಮನೆಗೇ ಬರುತ್ತಾರೆ.

ಮದ್ದಿನ ರಾಕೆಟ್ಟು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯ ಹೂಳು ಎತ್ತಿದಾಗ ಟಿಪ್ಪು ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದ್ದವು. ಅವು ಯುದ್ಧಕ್ಕೆ ಅಂತಲೇ ಮಾಡಿದ್ದು, ಅಂಗಡಿಯ ಜಗಲಿ ಮೇಲೆ ಆಡಲಿಕ್ಕಲ್ಲ.

ಕೊನೆಗೆ ಅಜ್ಜನೇ ದಾರಿ ತೋರಿಸಿದರು. ಸೋಡಾ ಪ್ಲಾಸ್ಟಿಕ್ ಬಾಟಲಿ, ಮೂರರಲ್ಲೊಂದು ಪಾಲು ನೀರು, ಬಿರಡೆಗೆ ಸೈಕಲ್ ವಾಲ್ವ್, ಉದ್ದ ಪೈಪಿನ ಪಂಪು. ಭಾನುವಾರ ಮೈದಾನದಲ್ಲಿ ಎಲ್ಲರನ್ನೂ ದೂರ ನಿಲ್ಲಿಸಿ ಹುಡುಗ ಪಂಪು ಹೊಡೆದ. ಬಾಟಲಿ ತೆಂಗಿನ ಮರದೆತ್ತರ ಹಾರಿ, ನಮ್ಮ ಇಸ್ತ್ರಿ ಅಂಗಿಗೆ ಅಭಿಷೇಕವಾಯಿತು. ಕೆಂಪು ರಾಕೆಟ್ಟು ಮಾತ್ರ ಲಕ್ಷ್ಮಿ ಫೋಟೋದ ಪಕ್ಕದಲ್ಲಿ ಕಾಯುತ್ತಾ ಕೂತಿದೆ. ನಮ್ಮ ಮೊಳೆಯಲ್ಲಿ ಕಡಿಮೆಯಾದ 20 ಗ್ರಾಂ ಇನ್ನೂ ಅದರ ಹೊಟ್ಟೆಯಲ್ಲೇ ಇದೆ.