ಬಣ್ಣದ ಮೇಲೆ ಬಣ್ಣ

ವಾರಗಟ್ಟಲೆ ಶ್ರಮಿಸಿ ಜೋಡಿಸಿದ ಪುಟ್ಟ ವಿಮಾನಕ್ಕೆ ನಾವು ಎನಾಮಲ್ ಬಳಿದೆವು. ಒಣಗಿತೆಂದು ಭಾವಿಸಿ ಮರುದಿನ ಲ್ಯಾಕರ್ ಸಿಂಪಡಿಸಿದೆವು. ನೋಡುತ್ತಿದ್ದಂತೆಯೇ ರೆಕ್ಕೆಗಳ ಬಣ್ಣವೆಲ್ಲ ಸುಕ್ಕುಗಟ್ಟಿತು! ಕಾರಣವೇನು?

ಎನಾಮಲ್ ಒಣಗುವುದು 2 ಹಂತಗಳಲ್ಲಿ. ಮೊದಲು ದ್ರಾವಕವು ಆವಿಯಾಗುತ್ತದೆ. ಬಳಿಕ ರಾಳವು ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ದಿನಗಳೇ ಬೇಕು. ಲ್ಯಾಕರಿನ ತೀಕ್ಷ್ಣ ದ್ರಾವಕವು ಈ ಎಳೆಯ ಪದರವನ್ನು ಹೊಕ್ಕು ಉಬ್ಬಿಸುತ್ತದೆ. ಮಾದರಿಯ ಪಾಲಿಸ್ಟೈರೀನನ್ನೂ ಅದು ಕರಗಿಸಬಲ್ಲುದು. ಆದುದರಿಂದ ಲ್ಯಾಕರನ್ನು ತೆಳುವಾಗಿ, ಮೊದಲ ಲೇಪವಾಗಿಯೇ ಬಳಸುವುದು ಲೇಸು. ಎನಾಮಲಿನ ಸೌಮ್ಯ ದ್ರಾವಕವು ಒಣಗಿದ ಲ್ಯಾಕರನ್ನು ಕರಗಿಸಲಾರದು.

ಯಾವ ಬಣ್ಣವನ್ನಾದರೂ, ಕಿಟಕಿ ತೆರೆದ ಕೋಣೆಯಲ್ಲಿ, ಬಿಡಿಭಾಗಗಳನ್ನು ಕತ್ತರಿಸಿ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಮೊದಲು ಪರೀಕ್ಷಿಸಬೇಕು. ನಾವು ಎಸೆಯುವ ಆ ತುಂಡೇ ನಮ್ಮ ಪ್ರಯೋಗಶಾಲೆ.