ಕಪಾಟಿನೊಳಗಿನ ಸಾಕೆಟ್

ದಸರಾ ರಜೆಗೆ ಅತ್ತೆ ಮನೆಗೆ ಹೋದಾಗ ಅವರ ಹೊಸ ಮಾಡ್ಯುಲರ್ ಅಡುಗೆಮನೆಯಲ್ಲಿ ಏನೋ ಸುಟ್ಟ ವಾಸನೆ. "ಪಕ್ಕದ್ಮನೆ ಒಗ್ಗರಣೆ ಇರ್ಬೇಕು ಬಿಡೋ" ಅಂದ್ರು ಅತ್ತೆ. ನಂಗ್ಯಾಕೋ ಅನುಮಾನ. ಮೇನ್ ಆಫ್ ಮಾಡಿ ಮೈಕ್ರೋವೇವ್ ಎಳೆದು ನೋಡಿದರೆ, ಕಪಾಟಿನ ಹಿಂದಿನ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಗ್ಗಿನ ಒಂದು ಪಿನ್ ಕಪ್ಪಾಗಿತ್ತು. ಎಂಸಿಬಿ ಮಾತ್ರ ಬಿದ್ದಿರಲಿಲ್ಲ!

ಬೀಳೋದೂ ಇಲ್ಲ. ಮೈಕ್ರೋವೇವ್ ಸುಮಾರು 6 ಆಂಪಿಯರ್ ಎಳೆಯುತ್ತೆ ಅಂದ್ಕೊಳ್ಳಿ. ಸಡಿಲವಾದ ಪಿನ್ನಿನಲ್ಲಿ 0.3 ಓಮ್ ರೆಸಿಸ್ಟೆನ್ಸ್ ಇದ್ದರೆ, 6ರ ವರ್ಗ 36, ಗುಣಿಸು 0.3, ಅಂದ್ರೆ ಹತ್ತಿರ ಹತ್ತಿರ 11 ವ್ಯಾಟ್ ಶಾಖ. ನಮ್ಮ ಲ್ಯಾಬಿನ 25 ವ್ಯಾಟ್ ಸೋಲ್ಡರಿಂಗ್ ಐರನ್ ನೆನಪಿಸಿಕೊಳ್ಳಿ. ಅದರ ಅರ್ಧದಷ್ಟು ಬಿಸಿ, ಗಾಳಿಯಾಡದ ಪ್ಲೈವುಡ್ ಪೆಟ್ಟಿಗೆಯಲ್ಲಿ! ಬಿಸಿಗೆ ಸಾಕೆಟ್ಟಿನ ಹಿಡಿತ ಇನ್ನಷ್ಟು ಸಡಿಲ, ರೆಸಿಸ್ಟೆನ್ಸ್ ಇನ್ನಷ್ಟು ಜಾಸ್ತಿ. ಆದರೆ ಲೈನಿನಲ್ಲಿ ಹರಿಯೋದು ಅದೇ 6 ಆಂಪಿಯರ್, 16 ಆಂಪಿಯರ್ ಎಂಸಿಬಿಗೆ ಅದರಲ್ಲಿ ತಪ್ಪೇನೂ ಕಾಣಲ್ಲ. 30 ಮಿಲಿಆಂಪಿಯರ್ ಆರ್‌ಸಿಸಿಬಿ ನೋಡೋದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವ್ಯತ್ಯಾಸ. ಇಲ್ಲಿ ಎರಡೂ ಸಮ, ಅದೂ ಸುಮ್ಮನಿರುತ್ತೆ. (ಹಾಗಂತ ಅದು ಬೇಡ ಅಂತಲ್ಲ, ಶಾಕ್‌ನಿಂದ ಕಾಪಾಡೋದು ಅದೇ.)

ಹಾಗಾಗಿ ಸಾಕೆಟ್ ಕೈಗೆ, ಕಣ್ಣಿಗೆ ಸಿಗೋ ಜಾಗದಲ್ಲಿರಬೇಕು. ಮೈಕ್ರೋವೇವ್ ಬೆನ್ನಿಗಲ್ಲ, ಪಕ್ಕದ ಕಪಾಟಿನಲ್ಲಿ. ಸ್ವಿಚ್ಚಂತೂ ಹೊರಗೇ, ಕೌಂಟರ್ ಮೇಲೆ. 16 ಆಂಪಿಯರ್ ಪ್ಲಗ್ಗನ್ನು ಕನ್ವರ್ಟರ್ ಹಾಕಿ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸೋದು, ಒಳಗೆ ಎಕ್ಸ್‌ಟೆನ್ಷನ್ ಬಾಕ್ಸ್ ಇಡೋದು, ಎರಡೂ ಬೇಡ. ಸಿಂಕ್ ಕೆಳಗೆ ವಾಟರ್ ಫಿಲ್ಟರಿನ ಸಾಕೆಟ್ ಇದ್ದರೆ ಪೈಪ್ ಜಾಯಿಂಟಿಗಿಂತ ಎತ್ತರದಲ್ಲಿ, ಪಕ್ಕಕ್ಕೆ ಇರಲಿ. ನೀರು ತೊಟ್ಟಿಕ್ಕೋದು ಕೆಳಗೆ ತಾನೆ.

ಇನ್ನೊಂದು ವಿಷಯ. ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಹೋದಮೇಲೆ ಕಾರ್ಪೆಂಟರ್ ಬರ್ತಾರೆ. ಸಾಕೆಟ್ ಕಪಾಟಿನ ಹಿಂದೆ ಮುಚ್ಚಿಹೋಗೋದು, ವೈರು ಪ್ಲೈವುಡ್ ತೂತಿನ ಅಂಚಿಗೆ ಉಜ್ಜೋದು ಆಗಲೇ. ತೂತಿಗೊಂದು ರಬ್ಬರ್ ಬುಷ್ ಹಾಕ್ಸಿ. ಸಾಧ್ಯವಾದ್ರೆ ಇಬ್ಬರನ್ನೂ ಒಂದೇ ದಿನ ಕರೆಸಿ, ನಕ್ಷೆ ಮುಂದಿಟ್ಟು ಮಾತಾಡಿಸಿ.

ಅತ್ತೆ ಮನೆಯಲ್ಲಿ ಈಗ ಸಾಕೆಟ್ ಪಕ್ಕದ ಕಪಾಟಿಗೆ, ಸ್ವಿಚ್ ಕೌಂಟರ್ ಮೇಲಕ್ಕೆ ಬಂದಿದೆ. ಅದಕ್ಕೆ ಎರಡು ಹೊಸ ಟೈಲ್ಸ್ ಒಡೆಯಬೇಕಾಯ್ತು. ಮಾವ ನನ್ನ ಕಂಡಾಗಲೆಲ್ಲ ಇನ್ನೂ ಅದನ್ನೇ ಹೇಳ್ತಿರ್ತಾರೆ.