ಮಕ್ಕಳ ಖರ್ಚೂ ಮನೆಯ ಲೆಕ್ಕವೂ

ಜೂನ್ ತಿಂಗಳು ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಹೋಟೆಲು ಕೆಲಸಗಾರರಿಗೂ ಗುಮಾಸ್ತರಿಗೂ ಮಳೆಗಿಂತ ಮೊದಲು ನೆನಪಾಗುವುದು ಶಾಲೆಯ ವೆಚ್ಚ. ಪುಸ್ತಕ, ಸಮವಸ್ತ್ರ, ಬೂಟು, ಕೊಡೆ, ಶುಲ್ಕ ಎಲ್ಲವೂ ಒಂದೇ ತಿಂಗಳ ಸಂಬಳದ ಮೇಲೆ ಬಂದು ಬೀಳುತ್ತವೆ. ಮೇ ತಿಂಗಳಲ್ಲಿ ಊರಿಗೆ ಹೋಗಿಬಂದ ಕೈ ಆಗಲೇ ಬರಿದಾಗಿರುತ್ತದೆ. ಸಾಲ ಮಾಡದೆ ಬೇರೆ ದಾರಿಯಿಲ್ಲವೆಂದು ಹಲವರು ಭಾವಿಸುವುದು ಆಗಲೇ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ತಂದವನು ವರ್ಷಕ್ಕೆ ಬಡ್ಡಿಯೆಂದೇ 6,000 ರೂಪಾಯಿ ತೆರಬೇಕಾಗುವುದು. ಅಸಲು ಹಾಗೆಯೇ ಉಳಿಯುವುದು. ಮರುವರ್ಷ ಹಳೆಯ ಸಾಲದ ಮೇಲೆ ಹೊಸ ಸಾಲ. ಬುದ್ಧಿಯಿದ್ದೂ ಮಗುವಿನ ಓದು ಅರ್ಧಕ್ಕೆ ನಿಲ್ಲಲು ಇಷ್ಟು ಸಾಕು.

ಹೋಟೆಲಿನಲ್ಲಿ ದುಡಿಯುವವರಿಗೆ ಲೆಕ್ಕದ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ರಾತ್ರಿ ಗಲ್ಲಾದ ಹಣವನ್ನು ಎಣಿಸದೆ ಯಾವ ಧಣಿಯೂ ಬಾಗಿಲು ಹಾಕಿಸುವುದಿಲ್ಲ. ಮನೆಗೂ ಅದೇ ನಿಯಮ ಸಲ್ಲತಕ್ಕದ್ದು. ಮಕ್ಕಳ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಬರುವ ಗಂಟು ಒಂದು, ದಿನದಿನದ ಚಿಲ್ಲರೆ ಇನ್ನೊಂದು. ಗಂಟಿನ ಭಯ ಎಲ್ಲರಿಗೂ ಇದೆ. ಚಿಲ್ಲರೆಯ ಕಡೆಗೆ ಗಮನ ಕಡಿಮೆ. ಚಿಪ್ಸಿಗೂ ಬಾಟಲಿಯ ಪಾನೀಯಕ್ಕೂ ದಿನಕ್ಕೆ 20 ರೂಪಾಯಿ ಹೋದರೆ ವರ್ಷಕ್ಕೆ 7,300 ರೂಪಾಯಿ ಆಗುವುದು. ಹಾಲು, ಮೊಟ್ಟೆ, ಸೊಪ್ಪು, ಬೇಳೆಗಳಲ್ಲಿ ಉಳಿತಾಯ ಮಾಡಬೇಕೆಂದು ನಾವು ಹೇಳುವುದಿಲ್ಲ. ಅದು ಮಗುವಿನ ಮೈಯಿಂದಲೇ ಸಾಲ ತೆಗೆದಂತೆ. ಆದರೆ ಸಂಜೆಯ ಹಸಿವಿಗೆ ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು ಕೊಟ್ಟರೆ ಮಗುವಿಗೂ ಹಿತ, ಕಿಸೆಗೂ ಹಿತ. ಜೂನ್ ತಿಂಗಳಿಗೆ 9,000 ರೂಪಾಯಿ ಬೇಕಾದಲ್ಲಿ ತಿಂಗಳಿಗೆ 750 ರೂಪಾಯಿಯನ್ನು ಸಂಬಳ ಬಂದ ದಿನವೇ ಬೇರೆಯಿಡಬೇಕು. ಖರ್ಚು ಕಳೆದು ಉಳಿದುದನ್ನು ಇಡುವೆವೆಂದರೆ ಏನೂ ಉಳಿಯದು.

ಕೊಡಬೇಕಾಗಿಲ್ಲದ ಹಣವನ್ನು ಕೊಡದಿರುವುದೂ ಉಳಿತಾಯವೇ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಚುಚ್ಚುಮದ್ದುಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತವಾಗಿ ದೊರೆಯುತ್ತವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು, ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ಬಡ ಮತ್ತು ಹಿಂದುಳಿದ ಮನೆಯ ಮಕ್ಕಳಿಗಾಗಿ ಮೀಸಲಿಡಬೇಕು. ಆದರೆ ಈ ಉಚಿತ ಶಿಕ್ಷಣ 8ನೆಯ ತರಗತಿಯವರೆಗೆ ಮಾತ್ರ. 9ನೆಯ ತರಗತಿಯಲ್ಲಿ ಶುಲ್ಕ ಎದುರಾದೀತೆಂಬುದನ್ನು ಮೊದಲೇ ತಿಳಿದು ಹಣ ಕೂಡಿಡುವುದು ಲೇಸು.

ಹೆಣ್ಣುಮಗುವಿದ್ದವರು 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಮಗುವಿಗೆ 10 ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ತೆರೆಯಬಹುದು. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಊರಿನ ಪ್ರಯಾಣದಲ್ಲಿಯೂ ಲೆಕ್ಕವಿರಲಿ: 5 ವರ್ಷ ತುಂಬಿ 12 ತುಂಬದ ಮಗುವಿಗೆ ರೈಲಿನಲ್ಲಿ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ.

ತಂದೆ ಮುಂಬಯಿಯಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ ಇರುವ ಸಂಸಾರಗಳು ನಮ್ಮಲ್ಲಿ ಕಡಿಮೆಯಲ್ಲ. ಕಳುಹಿಸುವವನಿಗೆ ಹಣ ಎಲ್ಲಿ ಹೋಯಿತೆಂಬ ಸಂಶಯ; ಖರ್ಚು ಮಾಡುವವಳಿಗೆ ಸಾಲದೆಂಬ ಕೊರಗು. ಎರಡೂ ಕಡೆ ಲೆಕ್ಕ ಬರೆದಿಟ್ಟಲ್ಲಿ ಅರ್ಧ ಜಗಳ ಅಲ್ಲಿಯೇ ಮುಗಿಯುವುದು.

ಹಿಂದಿನವರು ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಹಗಲು ಲೋಟ ತೊಳೆದು, ಇರುಳು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಇಂದು 14 ತುಂಬದ ಮಗುವನ್ನು ಹೋಟೆಲಿನಲ್ಲಿ ಕೂಲಿಗಿಡುವುದು ಅಪರಾಧ. ಮಗು ಹಗಲಿನಲ್ಲಿಯೇ ಓದಬೇಕು; ಆ ಓದಿನ ಹಣ ದೊಡ್ಡವರ ಲೆಕ್ಕದಿಂದಲೇ ಹೊರಡಬೇಕು. ಬರುವ ತಿಂಗಳ ಮೊದಲ ತಾರೀಕಿನಿಂದ ಒಂದು ಸಣ್ಣ ಪುಸ್ತಕದಲ್ಲಿ ದಿನದ ಖರ್ಚನ್ನು ಬರೆದಿಡಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.